ಖಾಲಿ ಡಬ್ಬ ವಾಪಸ್ ಬರದಿದ್ದರೆ

ಡೊಂಬಿವಲಿಯ ನಮ್ಮ ಸೊಸೈಟಿಯ ಬೀದಿನಾಯಿ ಕಾಳನ ಮೂಗಿನಿಂದ ರಕ್ತ ಸೋರುತ್ತಿತ್ತು. ಹೊಟ್ಟೆಯ ಮೇಲೆ ನೇರಳೆ ಹಣ್ಣು ಹಿಸುಕಿದಂಥ ಕಲೆಗಳು. ಎರಡನೇ ಮಹಡಿಯ ಅಜ್ಜಿ, "ಉಷ್ಣ ಆಗಿದೆ, ಎಳನೀರು ಕುಡಿಸಿ" ಅಂದರು. ಇನ್ನೊಬ್ಬರು ದೃಷ್ಟಿ ತೆಗೆದು ನಿಂಬೆಹಣ್ಣು ಎಸೆದರು. ನನಗೆ ರೇಗಿತು. ಎಳನೀರಿಗೋ ನಿಂಬೆಹಣ್ಣಿಗೋ ನಿಲ್ಲುವ ರಕ್ತವಲ್ಲ ಇದು.

ಶುಕ್ರವಾರದ ರಕ್ತಕ್ಕೂ ಸೋಮವಾರ ಮೀಟರ್ ರೂಮಿನಲ್ಲಿಟ್ಟ ಇಲಿ ಪಾಷಾಣಕ್ಕೂ ಯಾರೂ ಗಂಟು ಹಾಕಿರಲಿಲ್ಲ. ಈ ವಿಷದ ಮೋಸವೇ ಅದು.

ರಕ್ತ ಹೆಪ್ಪುಗಟ್ಟಲೆಂದು ಲಿವರ್ ತಯಾರಿಸುವ 2, 7, 9 ಮತ್ತು 10ನೇ ನಂಬರಿನ ಪ್ರೋಟೀನುಗಳಿಗೆ ಕ್ಯಾಲ್ಸಿಯಂ ಹಿಡಿಯುವ ಕೊಕ್ಕೆ ಬೇಕು. ಕೊಕ್ಕೆ ಹಾಕಿಸುವುದು ವಿಟಮಿನ್ ಕೆ. ಅದು ನಮ್ಮ ಡಬ್ಬಾವಾಲಾರ ಡಬ್ಬ ಇದ್ದ ಹಾಗೆ. ಊಟ ಮುಟ್ಟಿಸಿ ಖಾಲಿಯಾಗುತ್ತದೆ. ಮನೆಗೆ ವಾಪಸ್ ಬಂದರೆ ತಾನೇ ನಾಳೆಯ ಊಟ? ವಾಪಸ್ ತರುವುದು ಒಂದು ಕಿಣ್ವ. ಪಾಷಾಣ ಹಿಡಿಯುವುದು ಅದರ ಕಾಲನ್ನೇ. ಆದರೂ ಎರಡು ಮೂರು ದಿನ ಏನೂ ಗೊತ್ತಾಗುವುದಿಲ್ಲ. ಪಂಪ್ ಸುಟ್ಟರೂ ಮೇಲಿನ ಟ್ಯಾಂಕ್ ಬರಿದಾಗುವವರೆಗೆ ನಲ್ಲಿ ಬರುತ್ತದಲ್ವಾ, ಹಾಗೆ. ಮೊದಲು ಮುಗಿಯುವುದು 7ನೇ ನಂಬರು. ರಕ್ತದಲ್ಲಿ ಅದರ ಆಯಸ್ಸು ಕೆಲವೇ ಗಂಟೆ.

ಈ ಕಥೆ ಶುರುವಾದದ್ದು ದನಗಳಿಂದ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ಹಸುಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ಹಿಮಗಾಳಿಯಲ್ಲೇ ಜೀವರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ. ಆ ಕ್ಯಾನಿನಿಂದ ಹೊರಟ ದಾರಿ ಬೂಷ್ಟು ಮೇವಿನಲ್ಲಿದ್ದ ವಿಷವಾದ ಡೈಕುಮರಾಲ್‌ಗೆ, ಆಮೇಲೆ ಅದರದೇ ಜಾತಿಯ ವಾರ್ಫರಿನ್‌ಗೆ ಮುಟ್ಟಿತು. 1948ರಲ್ಲಿ ಇಲಿ ಪಾಷಾಣವಾದದ್ದು 1954ರಲ್ಲಿ ಹೃದ್ರೋಗಿಗಳ ಔಷಧಿಯೂ ಆಯಿತು! ಇಲಿಗಳು ವಾರ್ಫರಿನ್‌ಗೆ ಪಳಗಿದ ಮೇಲೆ ಬ್ರೊಮಾಡಿಯೊಲೋನ್‌ನಂಥ ಜಾಸ್ತಿ ಗಟ್ಟಿ ವಿಷಗಳು ಬಂದವು.

ರಕ್ತ ಬಂದದ್ದೆಲ್ಲ ಪಾಷಾಣವೂ ಅಲ್ಲ. ಉಣ್ಣಿ ಕಚ್ಚಿ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಾದರೆ ಪ್ಲೇಟ್‌ಲೆಟ್ ಕುಸಿಯುತ್ತದೆ. ಡಾಬರ್‌ಮನ್‌ಗಳಿಗೆ ಹುಟ್ಟಿನಿಂದಲೇ ವಾನ್ ವಿಲ್ಲೆಬ್ರಾಂಡ್ ರೋಗ, ಅಂದರೆ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನಿನ ಕೊರತೆ, ಇರಬಹುದು. ಅದಕ್ಕೇ ರಕ್ತ ಪರೀಕ್ಷೆ ಬೇಕು, ನಿಂಬೆಹಣ್ಣಲ್ಲ.

ಕಾಳನಿಗೆ ವಿಟಮಿನ್ ಕೆ1 ಶುರುವಾಯಿತು. ಹೊಸ ವಿಷ ಲಿವರಿನಲ್ಲಿ ವಾರಗಟ್ಟಲೆ ಕೂರುತ್ತದೆ, ಹಾಗಾಗಿ ನಾಲ್ಕು ವಾರ ಗುಳಿಗೆ. ಜಿಡ್ಡಿನ ಜೊತೆ ಕೊಟ್ಟರೆ ಚೆನ್ನಾಗಿ ಹೀರಿಕೊಳ್ಳುತ್ತದೆ ಅಂದರು ಡಾಕ್ಟರು. ಬೆಣ್ಣೆ ಸವರಿದ ಪಾವ್‌ನೊಳಗೆ ಗುಳಿಗೆ ಅಡಗಿಸುವ ಕೆಲಸ ಅಜ್ಜಿಯೇ ವಹಿಸಿಕೊಂಡರು. "ಬೆಣ್ಣೆ ತಂಪು ನೋಡಿ, ನಾನು ಹೇಳಿದ್ದೂ ಅದನ್ನೇ" ಅಂದರು. ನಾನು ಸುಮ್ನಿದ್ದೆ.