ಬೆಳಕು ಬರುವ ಕಡೆಯೇ ಗೋಡೆ ಸಡಿಲವಾಗಿರುತ್ತದೆ

ಪಾಳುಬಿದ್ದ ಕಟ್ಟಡದಲ್ಲಿ ಮಾಡೆಲ್‌ಗಳ ಚಿತ್ರ ತೆಗೆಯಲು ಹೊರಟವರು ಮೊದಲು ಕೇಳುವುದು ಯಾವ ಲೆನ್ಸ್ ಒಯ್ಯಬೇಕೆಂದು. ನಾನು ಅವರನ್ನು ಕೇಳುವುದು ಚಾವಣಿ ಎಲ್ಲಿ ಕುಸಿದಿದೆ ಎಂದು. ಇಂಥ ಕಟ್ಟಡದೊಳಗೆ ಚೆಂದದ ಬೆಳಕು ಇಳಿಯುವುದು ಗೋಡೆಯೋ ಚಾವಣಿಯೋ ಬಿದ್ದುಹೋದ ಕಡೆಯಿಂದಲೇ. ಉಳಿದದ್ದು ಬೀಳಲು ಕಾದಿರುವುದೂ ಅಲ್ಲಿಯೇ.

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನೇ ತೆಗೆದುಕೊಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಈ ಕಟ್ಟಡವು ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಭಾಗಶಃ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತದೆ. ವರ್ಷ ವರ್ಷವೂ ನೆನೆದು ಒಣಗುವ ಗಾರೆ ಹಿಡಿತ ಕಳೆದುಕೊಳ್ಳುತ್ತದೆ. ಅಕ್ಕಪಕ್ಕದ ಗೋಡೆಗಳ ಒತ್ತಾಸೆಯಲ್ಲಿ ನಿಂತಿರುವ ಕಮಾನಿಗೆ ಒಂದು ಬದಿ ಕುಸಿದರೆ ಮತ್ತೊಂದು ಬದಿಯ ಆಸರೆ ಸಾಲದು. ಹೀಗಿದ್ದರೂ ಛಾಯಾಗ್ರಾಹಕರು ಮಾಡೆಲ್‌ಗಳನ್ನು ಕಮಾನಿನ ಅಡಿಯಲ್ಲೇ ನಿಲ್ಲಿಸುತ್ತಾರೆ, ಕಿಟಕಿಯ ಕಟ್ಟೆಯ ಮೇಲೆ ಹತ್ತಿಸುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ.

ಕೆಲವು ವರ್ಷಗಳ ಹಿಂದೆ, ಮುಚ್ಚಿದ್ದ ಹೆಂಚಿನ ಕಾರ್ಖಾನೆಯೊಂದರಲ್ಲಿ ಯುವತಿಯೊಬ್ಬರ ಚಿತ್ರ ತೆಗೆಯುತ್ತಿದ್ದೆ. ಸೆರಗು ಸರಿಪಡಿಸಿಕೊಳ್ಳಲು ಅವರು ನಾಲ್ಕು ಹೆಜ್ಜೆ ಈಚೆ ಬಂದರು. ಅಷ್ಟರಲ್ಲಿ ಅಂಗೈ ಅಗಲದ ಗಾರೆಯ ಚಕ್ಕೆಯೊಂದು ಅವರು ನಿಂತಿದ್ದ ಜಾಗಕ್ಕೇ ಕಳಚಿ ಬಿದ್ದು ಪುಡಿಯಾಯಿತು. ಆ ಜಾಗವನ್ನು ಆರಿಸಿದವನು ನಾನು, ಮೇಲೆ ನೋಡದೆ ಬೆಳಕನ್ನಷ್ಟೇ ನೋಡಿದವನೂ ನಾನೇ. ಅಂದಿನಿಂದ ಚಿತ್ರೀಕರಣದ ಹಿಂದಿನ ದಿನ ಟಾರ್ಚು, ಕೋಲು ಹಿಡಿದು ಒಬ್ಬನೇ ಸುತ್ತಾಡಿ ನೆಲ, ಚಾವಣಿ, ಹಾವಿನ ಪೊರೆ, ಜೇನುಗೂಡುಗಳನ್ನು ಗುರುತಿಸಿಕೊಂಡ ನಂತರವೇ ಮಾಡೆಲ್‌ಗಳಿಗೆ ಬರಹೇಳುತ್ತೇನೆ.

ಮಾಲೀಕರ ಲಿಖಿತ ಅನುಮತಿ ಕಡ್ಡಾಯ. ಪಾಳುಬಿದ್ದದ್ದಕ್ಕೂ ವಾರಸುದಾರರಿರುತ್ತಾರೆ. ಬಟ್ಟೆ ಬದಲಿಸಲು ಮರೆಯಿರುವ ಜಾಗ, ಜೊತೆಗೊಬ್ಬ ಆಪ್ತರು, ಶಾಟ್‌ಗಳ ನಡುವೆ ಗಟ್ಟಿ ಅಟ್ಟೆಯ ಬೂಟು, ಇವೆಲ್ಲ ಮಾಡೆಲ್ ಕೇಳುವ ಮೊದಲೇ ಸಿದ್ಧವಿರಬೇಕು.

ಇನ್ನು ಬೆಳಕು. ಸಣ್ಣ ಕಿಟಕಿಯಿಂದ ನಾಲ್ಕಡಿ ದೂರದಲ್ಲಿದ್ದವರು ಎಂಟಡಿಗೆ ಸರಿದರೆ ಮುಖದ ಮೇಲಿನ ಬೆಳಕು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಚಾವಣಿಯೇ ಇಲ್ಲದ ಚರ್ಚಿನ ನಡುವೆ ಹಾಗಲ್ಲ. ತೆರವು ದೊಡ್ಡದಾದಷ್ಟೂ ಬೆಳಕು ನಿಧಾನವಾಗಿ ಕುಗ್ಗುವುದರಿಂದ ಗೋಡೆಗೆ ಅಂಟಿಕೊಂಡು ನಿಲ್ಲುವ ಅಗತ್ಯವೇ ಇರುವುದಿಲ್ಲ. ಬೆಳಗಿನ ಬಿಸಿಲು ಗೋಡೆಯ ನೆತ್ತಿಯಲ್ಲಷ್ಟೇ ಇರುವಾಗ ಒಳಗೆ ಬೀಳುವುದು ಆಕಾಶದ ಮೃದು ಬೆಳಕು. ಅದು ಮೇಲಿನಿಂದ ಬರುವುದರಿಂದ ಕಣ್ಣುಗಳು ಗುಳಿಬಿದ್ದಂತೆ ಕಪ್ಪಾಗುತ್ತವೆ. ಸೊಂಟದ ಮಟ್ಟದಲ್ಲಿ ಬಿಳಿ ಥರ್ಮೋಕೋಲ್ ಹಾಳೆ ಹಿಡಿದರೆ ಮುಖ ತಿಳಿಯಾಗುತ್ತದೆ. ಹಿಂದಿನ ಕಮಾನಿನಲ್ಲಿ ಕಾಣುವ ಆಕಾಶ ಕ್ಯಾಮೆರಾದ ಬೆಳಕಿನ ಲೆಕ್ಕ ತಪ್ಪಿಸುತ್ತದೆ, ಆದ್ದರಿಂದ ಬೆಳಕಿನ ಅಳತೆಯನ್ನು ಮಾಡೆಲ್‌ರ ಕೆನ್ನೆಯ ಮೇಲೆ ಮಾಡಬೇಕು.

ಲೆನ್ಸಿನ ಮಾತಿಗೆ ಈಗ ಬರಬಹುದು. ನಾನು ಒಯ್ಯುವುದು ದೂರದ್ದನ್ನು ಹತ್ತಿರ ತೋರಿಸುವ 135 ಎಂ.ಎಂ. ಲೆನ್ಸ್. ಮಾಡೆಲ್‌ರನ್ನು ಬಿರುಕುಬಿಟ್ಟ ಗೋಡೆಯಿಂದ ಅದರ ಎತ್ತರದಷ್ಟಾದರೂ ದೂರ ನಿಲ್ಲಿಸಿ, ನಾನು ಇನ್ನೂ ಹಿಂದಕ್ಕೆ ಸರಿದು ತೆಗೆದರೆ, ನಡುವಿನ ಅಂತರ ಚಿತ್ರದಲ್ಲಿ ಅಡಗಿಹೋಗಿ, ಕಮಾನು ಅವರ ಹೆಗಲ ಹಿಂದೆಯೇ ಎದ್ದುನಿಂತಂತೆ ಕಾಣುತ್ತದೆ.