179 ಸೆಕೆಂಡು ಕೇಳಿದರೆ 43 ಮಿಲಿಸೆಕೆಂಡು

ವಾಚ್‌ಡಾಗ್ ಟೈಮರ್ ಎಂದರೆ ಸೊನ್ನೆಯತ್ತ ಎಣಿಸುತ್ತಾ ಹೋಗಿ, ಸೊನ್ನೆ ಮುಟ್ಟಿದರೆ ಯಂತ್ರವನ್ನು ರೀಸೆಟ್ ಮಾಡುವ ಹಾರ್ಡ್‌ವೇರ್. ಅದನ್ನು ನಡೆಸುವ ಕೋಡ್ ಆದ ಡ್ರೈವರ್‌ಗೆ ಬರುವ ಪ್ಯಾಚ್‌ಗಳ (ಕೋಡ್ ಬದಲಾವಣೆಗಳ) ಜೊತೆ ‘ಬೋರ್ಡ್ ಮೇಲೆ ಹಾಕಿ ನೋಡಿದ್ದೇವೆ, ಸರಿಯಾಗಿ ಓಡುತ್ತಿದೆ’ ಎಂಬ ಮಾತು ಬಂದೇ ಬರುತ್ತದೆ. ಬೇರೆ ಡ್ರೈವರ್‌ಗಳಿಗೆ ಅದು ಒಳ್ಳೆಯ ಸಾಕ್ಷಿ. ಇಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಚೆನ್ನಾಗಿ ಓಡುವಾಗ ಟೈಮರ್‌ಗೆ ಹೊತ್ತುಹೊತ್ತಿಗೆ ಪಿಂಗ್, ಅಂದರೆ ಎಣಿಕೆಯನ್ನು ಮೊದಲಿನಿಂದ ಶುರು ಮಾಡಿಸುವ ಸಂಕೇತ, ಸಿಗುತ್ತದೆ, ಎಣಿಕೆ ಸೊನ್ನೆ ಮುಟ್ಟುವುದೇ ಇಲ್ಲ. ಹಾಗಾಗಿ ಪ್ರತಿ ಸಾಲನ್ನೂ ಒಂದೇ ಪ್ರಶ್ನೆ ಹಿಡಿದು ಓದಬೇಕು: ಇದಾದ ಮರುಕ್ಷಣವೇ ಸಿಪಿಯು ಸ್ತಬ್ಧವಾದರೆ ರೀಸೆಟ್ ಆಗುತ್ತದೆಯೇ? ಎಷ್ಟು ಹೊತ್ತಿಗೆ?

ಮೊದಲು ಗುಣಾಕಾರ ನೋಡಿ. 24 ಮೆಗಾಹರ್ಟ್ಸ್ ಕ್ಲಾಕ್, 32 ಬಿಟ್ ಕೌಂಟರ್ ಎಂದುಕೊಳ್ಳೋಣ. ಸೆಕೆಂಡನ್ನು ಕ್ಲಾಕ್ ದರದಿಂದ ಗುಣಿಸಿ ರಿಜಿಸ್ಟರ್‌ಗೆ (ಹಾರ್ಡ್‌ವೇರ್‌ನಲ್ಲಿ ಆ ಅಂಕಿ ಇಡುವ ಜಾಗಕ್ಕೆ) ಬರೆಯುವ ಸಾಲು ನೋಡಲು ನಿರುಪದ್ರವಿ. 178 ಸೆಕೆಂಡಿನವರೆಗೆ ಲೆಕ್ಕ ಸರಿ. 179 ಕೇಳಿದಿರೋ, ಗುಣಲಬ್ಧ 4,29,60,00,000. 32 ಬಿಟ್‌ಗಳಲ್ಲಿ ಹಿಡಿಯುವುದು 4,29,49,67,295 ಮಾತ್ರ. ತುಂಬಿ ಸುತ್ತಿಬಂದು ಉಳಿಯುವುದು 10,32,704 ಟಿಕ್ (ಕ್ಲಾಕ್‌ನ ಬಡಿತ), ಅಂದರೆ 43 ಮಿಲಿಸೆಕೆಂಡು. 179 ಸೆಕೆಂಡು ಕೇಳಿದ ಪ್ರೋಗ್ರಾಮ್ ಅಷ್ಟರೊಳಗೆ ಪಿಂಗ್ ಮಾಡುವುದಿಲ್ಲ. ಇದಕ್ಕೆ 64 ಬಿಟ್ ವೇರಿಯಬಲ್ ಹಾಕಿ ‘ಸರಿಪಡಿಸಿದ’ ಪ್ಯಾಚ್‌ಗಳನ್ನು ಒಪ್ಪಬೇಡಿ. ರಿಜಿಸ್ಟರ್ 32 ಬಿಟ್‌ನದೇ ಆಗಿರುವುದರಿಂದ ಬರೆಯುವಾಗ ಮತ್ತೆ ಅಲ್ಲೇ ಕತ್ತರಿ ಬೀಳುತ್ತದೆ. ಹಾರ್ಡ್‌ವೇರ್‌ನ ನಿಜವಾದ ಮಿತಿಯನ್ನು ವಾಚ್‌ಡಾಗ್ ಕೋರ್‌ಗೆ, ಅಂದರೆ ವಾಚ್‌ಡಾಗ್ ಡ್ರೈವರ್‌ಗಳಿಗೆಲ್ಲ ಸಾಮಾನ್ಯವಾದ ಕರ್ನಲ್ ಕೋಡ್‌ಗೆ, ತಿಳಿಸುವುದೇ ಪರಿಹಾರ.

ಹಾಗೆ ತಿಳಿಸಿದರೆ ಲಿನಕ್ಸ್‌ನ ವಾಚ್‌ಡಾಗ್ ಕೋರ್ ಮಾಡುವ ಕೆಲಸ ಬಹಳ ಸೊಗಸಾದದ್ದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿರುವ ಬ್ರಾಡ್‌ಕಾಮ್ ವಾಚ್‌ಡಾಗ್‌ಗೆ 20 ಬಿಟ್ ಕೌಂಟರ್, ಸೆಕೆಂಡಿಗೆ 65,536 ಟಿಕ್. ಹೆಚ್ಚೆಂದರೆ 16 ಸೆಕೆಂಡಿಗೆ ಒಂದು ಟಿಕ್ ಕಡಿಮೆ; ಲೆಕ್ಕಕ್ಕೆ 16 ಎನ್ನೋಣ. ಬಳಕೆದಾರರ ಪ್ರೋಗ್ರಾಮ್ 60 ಸೆಕೆಂಡು ಕೇಳಿದರೆ? 16 ಸೆಕೆಂಡಿನ ಮರಳುಗಡಿಯಾರದಿಂದ ಒಂದು ನಿಮಿಷ ಅಳೆಯುವುದಾದರೆ ಅದು ಬರಿದಾಗುವ ಮೊದಲೇ ಮತ್ತೆ ಮತ್ತೆ ತಿರುವಿಡಬೇಕು. ಕೋರ್ ಸುಮಾರು 8 ಸೆಕೆಂಡಿಗೊಮ್ಮೆ ತಾನೇ ಪಿಂಗ್ ಮಾಡುತ್ತಾ ಹೋಗುತ್ತದೆ. ಆದರೆ ಪ್ರೋಗ್ರಾಮ್ ಸತ್ತಿದ್ದರೆ ಹೀಗೆ ಕೊನೆಯಿಲ್ಲದೆ ಕಾಪಾಡಬಾರದಲ್ಲ! ಅದಕ್ಕೇ ಕೊನೆಯ ಪಿಂಗ್ 44ನೇ ಸೆಕೆಂಡಿನ ಸುಮಾರಿಗೆ. ಅಲ್ಲಿಂದ ಕೋರ್ ಕೈಬಿಡುತ್ತದೆ, ಹಾರ್ಡ್‌ವೇರ್ ತನ್ನ 16 ಸೆಕೆಂಡು ಎಣಿಸಿ ಸರಿಯಾಗಿ 60ಕ್ಕೆ ರೀಸೆಟ್ ಮಾಡುತ್ತದೆ. ಡ್ರೈವರ್ ಇಲ್ಲಿ ಕೇಳಿದ ಅವಧಿ, ಹಾರ್ಡ್‌ವೇರ್ ಮಿತಿ ಇವೆರಡರಲ್ಲಿ ಚಿಕ್ಕದನ್ನೇ ರಿಜಿಸ್ಟರ್‌ಗೆ ಬರೆಯಬೇಕು. ಮರೆತು 60ನ್ನೇ ಬರೆದರೆ 20 ಬಿಟ್‌ಗಳಲ್ಲಿ ಉಳಿಯುವುದು 12 ಸೆಕೆಂಡು. 64 ಬರೆದರೆ ಬರೀ ಸೊನ್ನೆ.

ಇನ್ನು ಪ್ರೋಬ್, ಅಂದರೆ ಡ್ರೈವರ್ ಹಾರ್ಡ್‌ವೇರನ್ನು ಕೈಗೆತ್ತಿಕೊಳ್ಳುವಾಗ ಓಡುವ ಕೋಡ್. ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್ ಟೈಮರನ್ನು ಆಗಲೇ ಶುರು ಮಾಡಿರಬಹುದು. ಟೈಮರ್ ಓಡುತ್ತಿದೆಯೇ ಎಂದು ಹೇಳುವ ಎನೇಬಲ್ ಬಿಟ್ ಓದಿ, ಹಾರ್ಡ್‌ವೇರ್ ಓಡುತ್ತಿದೆ ಎಂಬ ಗುರುತನ್ನು ಡ್ರೈವರನ್ನು ಕೋರ್‌ನಲ್ಲಿ ನೋಂದಾಯಿಸುವ ಮೊದಲೇ ಹಾಕಬೇಕು. ಆಗ ಕೋರ್ ತಾನೇ ಪಿಂಗ್ ಮಾಡುತ್ತಿರುತ್ತದೆ. ಹಾಕದಿದ್ದರೆ ಬೂಟ್ ವೇಳೆಯ ಡಿಸ್ಕ್ ತಪಾಸಣೆ ಸ್ವಲ್ಪ ಎಳೆದರೂ ಸಾಕು, ನಡುವೆಯೇ ರೀಸೆಟ್. ‘ಶುಭ್ರವಾಗಿರಲಿ’ ಎಂದು ಪ್ರೋಬ್‌ನಲ್ಲಿ ಟೈಮರ್ ನಿಲ್ಲಿಸಿಬಿಡುವುದು ಇನ್ನೂ ಕೆಟ್ಟದ್ದು: ಬೂಟ್ ಅಲ್ಲೇ ಸಿಕ್ಕಿಕೊಂಡರೆ ಎಬ್ಬಿಸುವವರೇ ಇಲ್ಲ. ಡ್ರೈವರನ್ನು ತೆಗೆಯುವಾಗ ಓಡುವ ರಿಮೂವ್‌ನಲ್ಲಿ ಕ್ಲಾಕ್ ಆಫ್ ಮಾಡುವ ಸಾಲಿದ್ದರೆ ಅದನ್ನೂ ಪ್ರಶ್ನಿಸದೆ ಬಿಡಬೇಡಿ. ನೋವೇಔಟ್ ಇದ್ದಾಗ, ಅಂದರೆ ಒಮ್ಮೆ ಶುರುವಾದ ಮೇಲೆ ನಿಲ್ಲಿಸಕೂಡದು ಎಂದಿರುವಾಗ, ಆ ಒಂದು ಸಾಲು ಕೌಂಟರನ್ನು ಸದ್ದಿಲ್ಲದೆ ನಿಲ್ಲಿಸಿಬಿಡಬಹುದು.

ತಾನೇ ರೀಬೂಟ್ ಆಗುವ ಯಂತ್ರ ಕೆಟ್ಟ ಯಂತ್ರ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಆದರೆ 1997ರ ಜುಲೈ 4ರಂದು ಮಂಗಳದ ಮೇಲಿಳಿದ ನಾಸಾದ ಪಾತ್‌ಫೈಂಡರ್ ನೌಕೆಯನ್ನು ನೋಡಿ. ಅದು ಮತ್ತೆ ಮತ್ತೆ ರೀಸೆಟ್ ಆಗತೊಡಗಿತ್ತು. ಕೆಳ ಆದ್ಯತೆಯ ಟಾಸ್ಕ್ ಒಂದು ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಟಾಸ್ಕ್‌ಗೆ ಸಿಗುವ ಬೀಗ) ಹಿಡಿದಿತ್ತು, ಮಧ್ಯಮ ಆದ್ಯತೆಯದು ಅದನ್ನು ಓಡಗೊಡಲಿಲ್ಲ, ಮೇಲಿನದು ಕಾಯುತ್ತಲೇ ಉಳಿಯಿತು. ಕೆಲಸ ಹೊತ್ತಿಗೆ ಮುಗಿಯಲಿಲ್ಲವೆಂದು ಪತ್ತೆಹಚ್ಚಿ ರೀಸೆಟ್ ಮಾಡಿದ್ದು ಸಾಫ್ಟ್‌ವೇರ್‌ನದೇ ತಪಾಸಣೆ. ಆ ರೀಸೆಟ್ ಇದ್ದುದರಿಂದಲೇ ನೌಕೆ ಭೂಮಿಯ ಮಾತು ಕೇಳುವ ಸ್ಥಿತಿಯಲ್ಲಿತ್ತು. ಬೀಗ ಹಿಡಿದ ಟಾಸ್ಕ್‌ಗೆ ಕಾಯುತ್ತಿರುವ ಟಾಸ್ಕ್‌ನ ಆದ್ಯತೆಯನ್ನೇ ಕೊಡುವ ಪ್ರಯಾರಿಟಿ ಇನ್ಹೆರಿಟೆನ್ಸ್ ಆನ್ ಮಾಡುವ ತಿದ್ದುಪಡಿಯನ್ನು ಭೂಮಿಯಿಂದಲೇ ಕಳಿಸಲಾಯಿತು.

ಹಾಗಾದರೆ ಪ್ಯಾಚ್ ಕಳಿಸಿದವರಿಂದ ಏನು ಕೇಳಬೇಕು? ಪ್ಯಾನಿಕ್ ಆದ ಮೇಲೆ, ಅಂದರೆ ಸರಿಪಡಿಸಲಾಗದ ತಪ್ಪಿನಿಂದ ನಿಂತ ಮೇಲೆ, ಕರ್ನಲ್ ತಾನಾಗಿ ರೀಬೂಟ್ ಆಗದಂತೆ ಪ್ಯಾನಿಕ್ ಟೈಮ್‌ಔಟನ್ನು ಸೊನ್ನೆಗೆ ಇಟ್ಟು, ವಾಚ್‌ಡಾಗ್ ಶುರು ಮಾಡಿ, ಬೇಕೆಂದೇ ಕ್ರ್ಯಾಶ್ ಮಾಡಿಸಿ, ರೀಸೆಟ್‌ವರೆಗಿನ ಸಮಯವನ್ನು ಹೊರಗಿನ ಗಡಿಯಾರದಲ್ಲಿ ಅಳೆಯಲಿ. ಕನಿಷ್ಠ, ಡೀಫಾಲ್ಟ್, ಹಾರ್ಡ್‌ವೇರ್ ಮಿತಿ, ಆ ಮಿತಿಗಿಂತ ಒಂದು ಸೆಕೆಂಡು ಹೆಚ್ಚು: ಈ ನಾಲ್ಕೂ ಅಳತೆಗಳು ಪ್ಯಾಚ್‌ನ ವಿವರಣೆಯಲ್ಲಿ ಇರಲಿ.