ಓಡಿದರೆ ನೋವು ವಾಸಿಯಾಗುತ್ತದೆಯೇ?

ಪ್ರಶ್ನೆ: ಮುಖದ ಮೇಲೆ ಕೆಂಪು ಅಂಗೈಯ ಅಚ್ಚು ಬಳಿದುಕೊಂಡು ಓಡುತ್ತಿರುವ ಅಮೆರಿಕದ ಮೂಲನಿವಾಸಿ ಹುಡುಗಿಯೊಬ್ಬಳ ಚಿತ್ರ ನೋಡಿದೆ. ಕ್ರೀಡಾಕೂಟದಲ್ಲಿ ಇದೆಲ್ಲ ಯಾಕೆ? ಓಡಿದರೆ ಯಾರದಾದರೂ ನೋವು ವಾಸಿಯಾಗುತ್ತದೆಯೇ, ನ್ಯಾಯ ಸಿಗುತ್ತದೆಯೇ?
(ಉಡುಪಿಯ ಒಬ್ಬ ದೈಹಿಕ ಶಿಕ್ಷಕರು)

ಮಾಸ್ಟ್ರೇ, ನೀವು ನೋಡಿದ್ದು ಬಹುಶಃ ರೋಸಲಿ ಫಿಶ್ ಅವರ ಚಿತ್ರ. ವಾಷಿಂಗ್ಟನ್ ರಾಜ್ಯದ ಕೌಲಿಟ್ಸ್ ಬುಡಕಟ್ಟಿನವರು. 2019ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ರಾಜ್ಯಮಟ್ಟದ ಕೂಟದಲ್ಲಿ ನಾಲ್ಕು ಓಟಗಳಲ್ಲಿ ಓಡಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಒಂದೊಂದು ಓಟವನ್ನೂ ತಮ್ಮ ಜನರಲ್ಲಿ ಕಾಣೆಯಾದ ಅಥವಾ ಕೊಲೆಯಾದ ಒಬ್ಬೊಬ್ಬ ಹೆಂಗಸಿನ ಹೆಸರಿಗೆ ಮೀಸಲಿಟ್ಟಿದ್ದರು. ಬಾಯಿಯ ಮೇಲಿನ ಆ ಕೆಂಪು ಅಂಗೈ, ಬಾಯಿ ಮುಚ್ಚಿಸಿಕೊಂಡ ಆ ಹೆಂಗಸರ ಗುರುತು. ಅದಕ್ಕೆ ಒಂದು ತಿಂಗಳು ಮೊದಲು ಲಕೋಟಾ ಜನಾಂಗದ ಜೋರ್ಡನ್ ಮರೀ ಡೇನಿಯಲ್ ಅದೇ ಗುರುತಿನೊಂದಿಗೆ ಬಾಸ್ಟನ್ ಮ್ಯಾರಥಾನ್ ಓಡಿದ್ದರು. 26 ಮೈಲು, 26 ಹೆಸರು, ಮೈಲಿಗೊಂದು ಪ್ರಾರ್ಥನೆ. ರೋಸಲಿಗೆ ದಾರಿ ತೋರಿದ್ದು ಆ ಓಟ.

ವಾಸಿಯಾಗುವ ಮಾತು ನಮ್ಮ ಕಡೆಯವರಿಗೆ ಅಷ್ಟು ಅಪರಿಚಿತ ಅಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಿದ್ದರೆ ಕಟೀಲಿನ ದೇವಿಗೆ ಹರಕೆಯಾಟ, ಅಂದರೆ ಹರಕೆಯ ಯಕ್ಷಗಾನ, ಹೇಳಿಕೊಳ್ಳುತ್ತೇವೆ. ಗುಣವಾದ ಮೇಲೆ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ಊರಿಗೆ ಊರೇ ಬಂದು ಕೂರುತ್ತದೆ. ಆಟ ಅಲ್ಲಿ ದೇವಿಗೆ ಒಪ್ಪಿಸುವ ಸೇವೆ. ಉತ್ತರ ಅಮೆರಿಕದ ಹೌಡೆನೊಶೋನಿ ಜನರಿಗೆ ಲಕ್ರಾಸ್ ಎಂಬ ಕೋಲು-ಚೆಂಡಿನ ಆಟವೂ ಹಾಗೆಯೇ. ಅದು ಸೃಷ್ಟಿಕರ್ತ ಕೊಟ್ಟ ಆಟ, ಔಷಧಿಯ ಆಟ ಎನ್ನುತ್ತಾರೆ. ರೋಗಿಯೊಬ್ಬ ಚೇತರಿಸಿಕೊಳ್ಳಲಿ ಎಂದು, ಊರಿನ ಮನಸ್ಸು ತಿಳಿಯಾಗಲಿ ಎಂದು ಮರದ ಕೋಲು ಹಿಡಿದು ಆಡುತ್ತಾರೆ. ಇದೇ ಜನರ ತಂಡ 2010ರಲ್ಲಿ ಮ್ಯಾಂಚೆಸ್ಟರ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಹೊರಟಾಗ ಅವರ ಜನಾಂಗವೇ ಕೊಟ್ಟ ಸ್ವಂತ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪಲಿಲ್ಲ. ಆ ಆಟವನ್ನು ಲೋಕಕ್ಕೆ ಕೊಟ್ಟವರೇ ಮನೆಯಲ್ಲಿ ಉಳಿದರು. ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಹೋಗಬಹುದಿತ್ತು, ಹೋಗಲಿಲ್ಲ. ಔಷಧಿಯೂ ನ್ಯಾಯವೂ ಅವರಿಗೆ ಬೇರೆ ಬೇರೆ ಅಲ್ಲ ಎಂಬುದು ನನಗೆ ಅರ್ಥವಾದದ್ದು ಈ ಸಂಗತಿಯಿಂದ.

ಒಬ್ಬನೇ ಮನುಷ್ಯನ ಒಳಗೆ ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವುದಾದರೆ ಬಿಲ್ಲಿ ಮಿಲ್ಸ್ ಅವರ ಬದುಕು ನೋಡಿ. ಪೈನ್ ರಿಡ್ಜ್ ಮೀಸಲು ಪ್ರದೇಶದ ಓಗ್ಲಾಲಾ ಲಕೋಟಾ ಹುಡುಗ, 12ನೇ ವಯಸ್ಸಿಗೆ ತಬ್ಬಲಿ. ಕಾಲೇಜಿನ ದಿನಗಳಲ್ಲಿ, ಗೆದ್ದವರ ಗುಂಪು ಫೋಟೊ ತೆಗೆಯುವಾಗ, 'ನೀನು ಪಕ್ಕಕ್ಕೆ ಸರಿ' ಎಂದು ಅವರನ್ನು ಹೊರಗಿಟ್ಟರು. ಅದರಿಂದ ಬದುಕೇ ಬೇಡ ಎನ್ನುವಲ್ಲಿಗೆ ಹೋಗಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮುರಿದ ಮನಸ್ಸು ಕೂಡಬೇಕಾದರೆ ಒಂದು ಕನಸು ಬೇಕು ಎಂಬ ಅಪ್ಪನ ಮಾತು ಅವರನ್ನು ಹಿಡಿದು ನಿಲ್ಲಿಸಿತು. 1964ರ ಟೋಕಿಯೊ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ, ಯಾರ ಲೆಕ್ಕದಲ್ಲೂ ಇಲ್ಲದ ಅವರು ಕೊನೆಯ ನೂರು ಮೀಟರಿನಲ್ಲಿ ನುಗ್ಗಿ ಚಿನ್ನ ಗೆದ್ದರು. ಆಮೇಲೆ ಬುಡಕಟ್ಟಿನ ಮಕ್ಕಳಿಗಾಗಿ ಸಂಸ್ಥೆ ಕಟ್ಟಲು ಕೈಜೋಡಿಸಿದರು.

ನ್ಯಾಯದ ಪ್ರಶ್ನೆಗೆ ಬರುವ ಮುಂಚೆ ಒಮ್ಮೆ ನಮ್ಮ ಕಂಬಳದ ಕರೆಗೆ, ಕೋಣ ಓಡಿಸುವ ಆ ಕೆಸರಿನ ಓಟದ ಜಾಗಕ್ಕೆ, ಹೋಗಿಬರೋಣ. ಕರ್ನಾಟಕ ಸರ್ಕಾರ 2000ನೇ ಇಸವಿಯಲ್ಲಿ ಕರಾವಳಿಯ ಕೊರಗ ಬುಡಕಟ್ಟಿನವರ ಮೇಲಿನ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅಜಲು ಎಂದರೆ ಏನು ಎಂದು ಆ ಕಾಯ್ದೆಯೇ ಬಿಡಿಸಿ ಹೇಳುತ್ತದೆ: ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದು. ದಯವಿಟ್ಟು ಕೊನೆಯದನ್ನು ಇನ್ನೊಮ್ಮೆ ಓದಿ. ಓಟವೇ ಅವಮಾನದ ಹತಾರವಾಗಿದ್ದ ನೆಲದಲ್ಲಿ ನಾವಿಬ್ಬರೂ ಇದ್ದೇವೆ. ರೋಸಲಿಯ ಓಟಕ್ಕೂ ಆ ಓಟಕ್ಕೂ ಕಾಲು ಒಂದೇ, ಮಣ್ಣು ಒಂದೇ. ಯಾರು ಓಡಬೇಕು, ಯಾವಾಗ, ಯಾರಿಗೋಸ್ಕರ ಎಂಬುದನ್ನು ತೀರ್ಮಾನ ಮಾಡಿದವರು ಮಾತ್ರ ಬೇರೆ. 'ಕ್ರೀಡಾಕೂಟದಲ್ಲಿ ಇದೆಲ್ಲ ಯಾಕೆ' ಎನ್ನುವ ನಿಮ್ಮ ಮಾತಿಗೆ ನನ್ನ ಉತ್ತರ ಇದೇ.

ನ್ಯಾಯ ಸಿಗುತ್ತದೆಯೇ? ಓಟದಿಂದಲೇ ಸಿಕ್ಕಿತು ಎಂದು ನಾನು ಹೇಳಲಾರೆ. ಕಾಣೆಯಾದ ಮೂಲನಿವಾಸಿ ಹೆಂಗಸರ ಪ್ರಕರಣಗಳಿಗಾಗಿ ಅಮೆರಿಕದಲ್ಲಿ 2020ರ ಅಕ್ಟೋಬರಿನಲ್ಲಿ ಎರಡು ಕಾಯ್ದೆಗಳು ಬಂದವು. ಅದರ ಹಿಂದೆ ಆ ಕುಟುಂಬಗಳು ವರ್ಷಗಟ್ಟಲೆ ಕಚೇರಿ ಕಚೇರಿ ಅಲೆದ ಶ್ರಮವಿದೆ. ಓಟಗಾರ್ತಿಯರು ಆ ಹೆಸರುಗಳನ್ನು ಜನರ ಕಣ್ಣೆದುರು ಇಟ್ಟರು. ಬೆಲೆಯನ್ನೂ ತೆತ್ತವರಿದ್ದಾರೆ. ಆಸ್ಟ್ರೇಲಿಯಾದ ಮೂಲನಿವಾಸಿ ಫುಟ್‌ಬಾಲ್ ಆಟಗಾರ ಆಡಮ್ ಗುಡ್ಸ್ ಜನಾಂಗ ನಿಂದನೆಯ ವಿರುದ್ಧ ಮಾತಾಡಿದ್ದಕ್ಕೆ ಪಂದ್ಯ ಪಂದ್ಯದಲ್ಲೂ ಪ್ರೇಕ್ಷಕರ ಕೂಗಾಟಕ್ಕೆ ಗುರಿಯಾಗಿ 2015ರಲ್ಲಿ ಆಟ ಬಿಟ್ಟರು. ಲೀಗ್ ಕ್ಷಮೆ ಕೇಳಿದ್ದು 2019ರಲ್ಲಿ.

ನಮ್ಮ ದೇಶದಲ್ಲಿ ಈ ದಾರಿ ತುಳಿದವರಲ್ಲಿ ದೊಡ್ಡ ಹೆಸರು ಜೈಪಾಲ್ ಸಿಂಗ್ ಮುಂಡಾ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದ ನಾಯಕ. ಮುಂದೆ ಆದಿವಾಸಿ ಮಹಾಸಭೆಯನ್ನು ಮುನ್ನಡೆಸಿದರು. 1946ರಲ್ಲಿ ಸಂವಿಧಾನ ಸಭೆಯಲ್ಲಿ ಎದ್ದು ನಿಂತು, ಜನ ತಮ್ಮನ್ನು ಹೀಗಳೆಯುವ 'ಜಂಗ್ಲಿ' ಎಂಬ ಪದವನ್ನೇ ಹೆಮ್ಮೆಯಿಂದ ತಮ್ಮದೆಂದು ಹೇಳಿಕೊಂಡರು.

ಕೊನೆಗೆ, ನೀವು ಮಕ್ಕಳನ್ನು ತಯಾರು ಮಾಡುವವರಾದ್ದರಿಂದ ಒಂದು ಮಾತು. ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ಆರಿಸಿ ತರಬೇತಿ ಕೊಟ್ಟಿತು. ಆಫ್ರಿಕಾ ಮೂಲದ ರಕ್ತ, ಪದಕ ತರುತ್ತಾರೆ ಎಂಬ ಲೆಕ್ಕಾಚಾರ. ಮಕ್ಕಳು ಪದಕ ತಂದರು ಕೂಡ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹಲವು ಮಕ್ಕಳು ಕಾಡಿನ ಊರುಗಳಿಗೆ ಮರಳಿದರು. ದೇಹ ಬೇಕಿತ್ತು, ಮಗು ಬೇಕಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಹಾಗಾಗಿ ನಿಮ್ಮ ತಂಡದಲ್ಲಿ ಕೊರಗ ಅಥವಾ ಮಲೆಕುಡಿಯ ಮನೆಯ ಹುಡುಗಿ ಇದ್ದರೆ, 'ಇವರಿಗೆಲ್ಲ ಹುಟ್ಟಿನಿಂದಲೇ ಕಸುವು' ಎಂದು ಬೇರೆಯವರ ಎದುರು ಹೊಗಳಬೇಡಿ. ಮನೆಯಲ್ಲಿ ಊಟ ಹೇಗಿದೆ, ಶೂ ಇದೆಯೇ, ಬಸ್ಸಿನ ದುಡ್ಡು ಇದೆಯೇ, ತಂಡದವರು ಅವಳನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂದು ವಿಚಾರಿಸಿ. ನಾಳೆ ಅಜ್ಜರಕಾಡಿನ ಟ್ರ್ಯಾಕಿನಲ್ಲಿ ಅವಳು ತನ್ನ ಅಜ್ಜಿಯ ಹೆಸರನ್ನು ಅಂಗೈಯಲ್ಲಿ ಬರೆದುಕೊಂಡು ಓಡುತ್ತೇನೆ ಎಂದರೆ, ಪೆನ್ನು ನೀವೇ ಕೊಡಿ.